ಅಣ್ಣ ಯೋಚಿಸಿದ ಹೊತ್ತು

ಅಣ್ಣ ಯೋಚಿಸುತ್ತಿದ್ದ. ಎದುರಿಗೆ ಕೂತ ಅವಳು ಅವನ ಮುಖ ನೋಡಬಾರದೆಂದು ತನ್ನ ಕೈಯಲ್ಲಿದ್ದ ಹದಿಮೂರು ಇಸ್ಪೀಟು ಎಲೆಗಳನ್ನೇ ನೋಡುತ್ತಿದ್ದಳು. ರಾಜನಿದ್ದ ನಾಲ್ಕು ಸ್ಪೇಡ್, ಒಂದೇ ಒಂದು ಹಾರ್ಟ್, ಏಸ್ ಇದ್ದ ಐದು ಡೈಮಂಡ್, ಉಳಿದ ಮೂರು ಲೆಕ್ಕಕ್ಕಿಲ್ಲದವು. ನೋಡದಿದ್ದರೂ ಎಲ್ಲ ಕಾಣುತ್ತಿತ್ತು. ಅವನು ಕನ್ನಡಕ ತೆಗೆದ. ಅಂಗಿಯ ತುದಿಯಿಂದ ಎಡಗಾಜು ಒರೆಸಿದ, ಬಲಗಾಜು ಒರೆಸಿದ, ಮತ್ತೆ ಎಡಕ್ಕೆ ಬಂದ. ಮೇಜಿನ ಮೂಲೆಯ ಡಬ್ಬಿಯತ್ತ ಕೈ ಹೋಗಿ ಅರ್ಧಕ್ಕೆ ನಿಂತಿತು. ಮೂಗಿನಿಂದ ಒಂದು ಉದ್ದನೆಯ ಉಸಿರು ಹೊರಟಿತು. ಆ ಉಸಿರು ಅವಳಿಗೆ ಒಂಬತ್ತನೆಯ ವಯಸ್ಸಿನಿಂದ ಗೊತ್ತು. ನಾಲ್ಕನೆಯವರು ಯಾರೂ ಸಿಗಲಿಲ್ಲವೆಂದು ಕಾಲೇಜು ಓದುತ್ತಿದ್ದ ಅಣ್ಣ ಅವಳನ್ನು ಚಾಪೆಯ ಮೇಲೆ ಕೂರಿಸಿಕೊಂಡು ಬ್ರಿಜ್ ಕಲಿಸಿದ್ದ. ಎಲೆಗಳನ್ನು ಒಂದೇ ಕೈಯಲ್ಲಿ ಹಿಡಿಯಲಾಗದೆ ಅವಳು ಎರಡೂ ಕೈಯಿಂದ ಎದೆಗವಚಿಕೊಳ್ಳುತ್ತಿದ್ದಳು. ಈಗ ಅವಳಿಗೆ ಐವತ್ತನಾಲ್ಕು, ಅವನಿಗೆ ಅರವತ್ತಮೂರು. ಹೊರಗೆ ಭಾನುವಾರದ ನಾಲ್ಕು ಗಂಟೆಯ ಬಿಸಿಲು, ಮೇಲೆ ಕಿರುಗುಟ್ಟುವ ಫ್ಯಾನು. ಬ್ರಿಜ್ ಸಂಘದ ಹಾಲ್‌ನ ಎಂಟು ಮೇಜುಗಳಲ್ಲಿ ಏಳು ಆಗಲೇ ಮುಗಿಸಿ, ಎಲ್ಲರೂ ಚಹಾದ ಲೋಟ ಹಿಡಿದು ಇವರಿಗಾಗಿ ಕಾಯುತ್ತಿದ್ದರು. ಇದು ಕೊನೆಯ ಆಟ. ಇಲ್ಲಿಯವರೆಗೆ ಅಣ್ಣ ತಂಗಿಯರೇ ಮುಂದಿದ್ದರು.

ಎದುರುಬದುರು ಕೂತ ಇಬ್ಬರು ಒಂದು ಜೋಡಿ. ಆಡುವ ಮುಂಚೆ ನಾಲ್ವರೂ ಸರದಿಯಂತೆ, ಯಾವ ಬಣ್ಣ ತುರುಪಾದರೆ ಹದಿಮೂರು ಟ್ರಿಕ್‌ಗಳಲ್ಲಿ, ಅಂದರೆ ಸುತ್ತುಗಳಲ್ಲಿ, ಆರರ ಮೇಲೆ ಇನ್ನೆಷ್ಟು ಗೆಲ್ಲಬಲ್ಲೆವೆಂದು ಹೇಳಬೇಕು, ಅದೂ ಬಾಯಿಂದಲ್ಲ, ಡಬ್ಬಿಯಿಂದ ಚೀಟಿ ತೆಗೆದಿಟ್ಟು. ಆ ಚೀಟಿಯ ಹೊರತು ಜೊತೆಗಾರನಿಗೆ ಬೇರೆ ಏನನ್ನೂ ತಿಳಿಸುವಂತಿಲ್ಲ. ಕೆಮ್ಮಿದರೂ ತಪ್ಪು, ಹುಬ್ಬೇರಿಸಿದರೂ ತಪ್ಪು. ಯೋಚಿಸುವುದಕ್ಕೆ ಮಾತ್ರ ಅಡ್ಡಿಯಿಲ್ಲ. ಆದರೆ ಜೊತೆಗಾರ ಯೋಚಿಸಿದ್ದನ್ನು ಕಂಡು ನಿನಗೇನು ತಿಳಿಯಿತೋ ಅದನ್ನು ನೀನು ಬಳಸಿಕೊಳ್ಳಬಾರದು, ಕಾಣದವಳಂತೆ ಇರಬೇಕು. ಹೀಗೆ ಹೇಳಿಕೊಟ್ಟವನೂ ಅಣ್ಣನೇ. ಎಡಗಡೆ ಕೂತ ಹಲ್ಲಿನ ಡಾಕ್ಟರು ಹಾರ್ಟ್ಸ್ ಹೇಳಿ ಶುರು ಮಾಡಿದ್ದರು. ಅಣ್ಣ ಒಂದು ಸ್ಪೇಡ್ ಅಂದ. ಬಲಗಡೆಯ ಟೀಚರು, ಶಾಲೆ ಬಿಟ್ಟು ಹತ್ತು ವರ್ಷವಾದರೂ ಎಲ್ಲರ ಬಾಯಲ್ಲೂ ಟೀಚರೇ, ಮೂರು ಹಾರ್ಟ್ಸ್‌ಗೆ ಏರಿಸಿದರು. ಅವಳು ಮೂರು ಸ್ಪೇಡ್ ಅಂದಳು. ಡಾಕ್ಟರು ನಾಲ್ಕು ಹಾರ್ಟ್ಸ್ ಇಟ್ಟರು. ಮೂರು ಸ್ಪೇಡ್ ಎಂದಾಗಲೇ ಅವಳ ಎಲೆಗಳು ಹೇಳಬೇಕಾದ್ದೆಲ್ಲ ಹೇಳಿ ಮುಗಿದಿತ್ತು. ಇನ್ನು ನಿರ್ಧಾರ ಅಣ್ಣನದು. ನಾಲ್ಕು ಸ್ಪೇಡ್ ಅನ್ನಬೇಕು, ಇಲ್ಲ ಪಾಸ್ ಅನ್ನಬೇಕು. ಅವನೋ ಮತ್ತೆ ಕನ್ನಡಕ ಒರೆಸುತ್ತಿದ್ದ.

ಅವಳಿಗೆ ನಿನ್ನೆಯ ಹೆಂಗಸಿನ ಮುಖ ಕಣ್ಣ ಮುಂದೆ ಬಂತು. ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಇವಳಿಗೆ ಕೆಲಸ. ನಿಲ್ಲಿಸು, ತಿರುಗಿಸು, ಉಸಿರು ಹಿಡಿಸು, ಬಿಡಿಸು. ಚಿತ್ರ ಮೊದಲು ಕಾಣುವುದು ಅವಳಿಗೆ, ಹೇಳುವ ಹಕ್ಕು ಮಾತ್ರ ಡಾಕ್ಟರಿಗೆ. ರವಿಕೆಯ ಗುಂಡಿ ಹಾಕಿಕೊಳ್ಳುತ್ತ ಆ ಹೆಂಗಸು ಅವಳ ಮುಖವನ್ನೇ ದಿಟ್ಟಿಸಿ, “ಏನಾದ್ರೂ ಕಾಣ್ತಾಮ್ಮ?” ಎಂದು ಕೇಳಿದ್ದಳು. “ಡಾಕ್ಟ್ರು ಹೇಳ್ತಾರೆ,” ಎಂದಿದ್ದಳು ಇವಳು. ಒಳ್ಳೆಯದಿದ್ದರೂ ಅದೇ ದನಿ, ಕೆಟ್ಟದ್ದಿದ್ದರೂ ಅದೇ ದನಿ. ಮೂವತ್ತು ವರ್ಷ ಅವಳ ಮುಖ ಯಾರಿಗೂ ಏನನ್ನೂ ಹೇಳಿರಲಿಲ್ಲ. ಆ ಬಗ್ಗೆ ಅವಳಿಗೆ ಒಳಗೊಳಗೇ ಒಂದು ಜಂಬವಿತ್ತು. ಈಗ ಇದ್ದಕ್ಕಿದ್ದಂತೆ ಸಿಟ್ಟು ಬಂತು. ತಾನು ಇಷ್ಟು ಕಷ್ಟಪಟ್ಟು ಮುಚ್ಚಿಟ್ಟುಕೊಂಡ ಮುಖದೆದುರು ಅಣ್ಣ ತನ್ನ ಮುಖವನ್ನು ಸಂತೆಯಲ್ಲಿ ಅಂಗಡಿ ಹರಡಿದಂತೆ ಹರಡಿ ಕೂತಿದ್ದಾನಲ್ಲ. ಸಂಘದಲ್ಲಿ ಎಲ್ಲರೂ ಹೊಗಳುವುದು ಅವಳನ್ನೇ. “ಮೇಡಂ ಜಡ್ಜ್‌ಮೆಂಟು ಅಂದ್ರೆ ಜಡ್ಜ್‌ಮೆಂಟು. ಎಲ್ಲಿ ಏರಬೇಕೋ ಅಲ್ಲಿ ಏರ್ತಾರೆ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ತಾರೆ.” ಹೋದ ವರ್ಷದ ಫೈನಲ್ಲಿನಲ್ಲಿ ಅವಳು ಐದು ಡೈಮಂಡ್ ಅಂದಾಗ ಆಚೆ ಮೇಜಿನವರೂ ಎದ್ದು ಬಂದು ಕೈ ಕುಲುಕಿದ್ದರು. ಆಗ ಗೆದ್ದ ಕಪ್ಪು ಅಣ್ಣನ ಮನೆಯ ಗಾಜಿನ ಬೀರುವಿನಲ್ಲಿದೆ. ಅವಳು ಐದು ಡೈಮಂಡ್ ಅನ್ನುವ ಮುಂಚೆ ಅಣ್ಣ ಸುಮಾರು ಒಂದು ನಿಮಿಷ ಕನ್ನಡಕ ಒರೆಸಿ ಪಾಸ್ ಇಟ್ಟಿದ್ದ. ಅದನ್ನು ಯಾರೂ ಗಮನಿಸಿರಲಿಲ್ಲ, ಅಥವಾ ವಕೀಲರಲ್ಲವೇ, ಯೋಚಿಸುವುದು ಅಭ್ಯಾಸ ಎಂದುಕೊಂಡಿದ್ದರು. ಅವಳೂ ತನಗೆ ಹಾಗೆಯೇ ಹೇಳಿಕೊಂಡಿದ್ದಳು. ಕೈ ಕುಲುಕಿಸಿಕೊಳ್ಳುವಾಗ ಅಂಗೈ ಮಾತ್ರ ಬೆವೆತಿತ್ತು.

ಆಸ್ಪತ್ರೆಯ ಎರಡನೆಯ ಮಹಡಿಯ ಉದ್ದನೆಯ ಕಾರಿಡಾರು. ಆರು ವರ್ಷದ ಹಿಂದಿನ ಮಾತು. ಸರ್ಜನ್ನು ಇಬ್ಬರನ್ನೂ ನಿಲ್ಲಿಸಿಕೊಂಡು, ಅಮ್ಮನಿಗೆ ಎಂಬತ್ತೊಂದು, ಆಪರೇಷನ್ ಮಾಡಿದರೆ ಹೀಗೆ, ಬಿಟ್ಟರೆ ಹೀಗೆ, ನೀವೇ ಹೇಳಿ ಅಂದರು. ಅಣ್ಣ ಕನ್ನಡಕ ತೆಗೆದ. ಒರೆಸಿದ. ಕಿಟಕಿಯಾಚೆ ನೋಡಿದ. ಮೂಗಿನಿಂದ ಅದೇ ಉಸಿರು. ಅವನಿಗೆ ಬೇಡವಾಗಿದೆ ಎಂದು ಅವಳಿಗೆ ಅಕ್ಷರ ಓದಿದಂತೆ ತಿಳಿಯಿತು. “ಬೇಡ ಡಾಕ್ಟ್ರೇ,” ಎಂದಳು ಅವಳು. ಹತ್ತೊಂಬತ್ತು ದಿನಕ್ಕೆ ಅಮ್ಮ ಹೋದಳು. ಬಂದವರೆಲ್ಲ ಕೇಳಿದಾಗ ಅಣ್ಣ ತಗ್ಗಿದ ದನಿಯಲ್ಲಿ, “ಪುಟ್ಟಿ ಬೇಡ ಅಂದ್ಲು. ಅವಳು ಆಸ್ಪತ್ರೆಯವಳು, ಅವಳಿಗೆ ಗೊತ್ತಿರತ್ತೆ,” ಎನ್ನುತ್ತಿದ್ದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅಂದವಳು ಅವಳೇ. ಅದನ್ನು ತಾನು ನಿಜವಾಗಿ ಅಂದುಕೊಂಡು ಅಂದಿದ್ದೋ, ಎದುರಿಗಿದ್ದ ಮುಖವನ್ನು ನೋಡಿ ಅಂದಿದ್ದೋ ಎಂಬುದು ಮಾತ್ರ ಅವಳಿಗೆ ಇಂದಿಗೂ ಬಗೆಹರಿದಿಲ್ಲ.

ಅಣ್ಣ ಪಾಸ್ ಚೀಟಿ ಇಟ್ಟ. ಹಗುರವಾಗಿ, ಮನಸ್ಸಿಲ್ಲದೆ ಇಟ್ಟವನಂತೆ. ಟೀಚರು ತಡಮಾಡದೆ ಪಾಸ್ ಇಟ್ಟರು. ಈಗ ಅವಳ ಸರದಿ. ಅವಳೂ ಪಾಸ್ ಅಂದರೆ ಮುಗಿಯಿತು, ಆಟ ಡಾಕ್ಟರದು. ನಾಲ್ಕು ಸ್ಪೇಡ್ ಅಂದರೆ ಗೆಲ್ಲುತ್ತದೆ, ಅದು ಅವಳಿಗೆ ಗೊತ್ತಿತ್ತು. ಅಣ್ಣನ ಕೈಯಲ್ಲಿ ಹೇಳಿದ್ದಕ್ಕಿಂತ ಹೆಚ್ಚಿದೆ, ಅವನಿಗೆ ಏರಬೇಕೆಂದಿದೆ, ಏರಿ ಸೋತರೆ ಎಂಬ ಭಯವಿದೆ, ಅದಕ್ಕೆ ಅವಳನ್ನು ಏರು ಎನ್ನುತ್ತಿದ್ದಾನೆ. ಗೆದ್ದರೆ ಇಬ್ಬರದು, ಸೋತರೆ ಪುಟ್ಟಿಯದು. ಅವನು ಯೋಚಿಸದೆ ಪಾಸ್ ಇಟ್ಟಿದ್ದರೆ ನಾನೇನು ಮಾಡುತ್ತಿದ್ದೆ? ಅವಳು ಮನಸ್ಸಿನೊಳಗೆ ಹುಡುಕಿದಳು. ಅಲ್ಲಿ ಉತ್ತರವಿರಲಿಲ್ಲ. ಸಣ್ಣ ಉತ್ತರವೂ ಇರಲಿಲ್ಲ. ಮೆಟ್ಟಿಲಿದೆ ಎಂದುಕೊಂಡು ಕಾಲಿಟ್ಟಾಗ ನೆಲವೇ ಸಿಗದಂತಾಯಿತು. ನಲವತ್ತೈದು ವರ್ಷ ಆಡಿದ್ದೇನೆ, ನನಗೆ ಅಂತ ಒಂದು ತೀರ್ಮಾನವೇ ಇಲ್ಲವೇ? ಡಬ್ಬಿಯಲ್ಲಿ ನಾಲ್ಕು ಸ್ಪೇಡ್‌ನ ಚೀಟಿಗೆ ಬೆರಳು ತಾಗಿತು. ಎದುರಿಗೆ ಅಣ್ಣ ಕನ್ನಡಕ ಹಾಕಿಕೊಂಡು ಒರಗಿ ಕೂತ, ಕೆಲಸ ಮುಗಿಸಿದವನ ಹಾಗೆ. ಆ ಒರಗುವಿಕೆಯನ್ನು ಅವಳಿಂದ ತಡೆದುಕೊಳ್ಳಲಾಗಲಿಲ್ಲ. ಬೆರಳು ಹಿಂದಕ್ಕೆ ತೆಗೆದು ಪಾಸ್ ಚೀಟಿಯನ್ನು ಎಳೆದು ಮೇಜಿನ ಮೇಲಿಟ್ಟಳು. ಟಪ್ಪೆಂದು ಸದ್ದಾಯಿತು.

ಡಾಕ್ಟರು ಹತ್ತು ಟ್ರಿಕ್ ಸಲೀಸಾಗಿ ಮಾಡಿಕೊಂಡರು. ಅಣ್ಣ ಒಂದೊಂದು ಎಲೆಯನ್ನೂ ಮೇಜಿಗೆ ಮೊಳೆ ಹೊಡೆದಂತೆ ಹಾಕುತ್ತಿದ್ದ. ಮುಗಿದ ಕೂಡಲೇ ಕೈ ಚಾಚಿ ಅವಳ ಎಲೆಗಳನ್ನು ಅಂಗಾತ ತಿರುಗಿಸಿದ.

“ನಾಲ್ಕು ಸ್ಪೇಡು! ಒಂದೇ ಹಾರ್ಟು! ಏಸ್ ಬೇರೆ! ಇಷ್ಟಿಟ್ಕೊಂಡು ಪಾಸಾ? ನಿದ್ದೆಗಣ್ಣಲ್ಲೂ ಹೇಳಬಹುದಿತ್ತಲ್ಲೇ ನಾಕು ಸ್ಪೇಡು!”

“ನೀನು ಹೇಳಬಹುದಿತ್ತು.”

“ನಾನಾ? ಏನಿತ್ತು ಅಂತ ಹೇಳ್ಲಿ ನಾನು?”

“ಐದು ಸ್ಪೇಡು, ಎರಡು ಏಸು. ಸಾಕಾಗಿತ್ತು.”

ಚಹಾ ಕುಡಿಯುತ್ತಿದ್ದವರು ಹತ್ತಿರ ಬಂದರು. ಡಾಕ್ಟರು ಅಂಕದ ಹಾಳೆಯಲ್ಲಿ ಮುಖ ಹುದುಗಿಸಿದರು. ಟೀಚರು ಮಾತ್ರ ತಲೆಯೆತ್ತಿ ಇವಳನ್ನೇ ನೋಡುತ್ತಿದ್ದರು. ಅಣ್ಣ ಸುತ್ತ ನೆರೆದವರತ್ತ ತಿರುಗಿ, ಕೋರ್ಟಿನಲ್ಲಿ ಮಾಡುವಂತೆ ಎರಡೂ ಕೈ ಚೆಲ್ಲಿ, “ಕಪ್ಪು ಕೈಲಿತ್ತು ಕಣ್ರೀ. ವಯಸ್ಸಾಯ್ತು ನಮ್ಮ ಪುಟ್ಟಿಗೆ,” ಎಂದ. ಒಂದಿಬ್ಬರು ನಕ್ಕರು. ಅವಳೂ ನಗಬಹುದಿತ್ತು. ಈ ನಲವತ್ತೈದು ವರ್ಷವೂ ನಕ್ಕಿದ್ದಳು.

“ನೀನು ಎರಡು ನಿಮಿಷ ಯೋಚಿಸ್ದೆ, ಅಣ್ಣ. ನೀನು ಅಷ್ಟು ಯೋಚಿಸಿದ ಮೇಲೆ ನಾನು ಹೇಳೋ ಹಾಗಿರ್ಲಿಲ್ಲ.”

ಅಣ್ಣನ ಮುಖ ಕೆಂಪಾಗಿ, ಆಮೇಲೆ ಬಿಳುಚಿಕೊಂಡಿತು. “ಎಲ್ಲರಷ್ಟೇ ಹೊತ್ತು ತಗೊಂಡೆ ನಾನು,” ಎಂದ. ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡ ಸಂಘದ ಕಾರ್ಯದರ್ಶಿಗಳು ಅವಸರದಿಂದ ಬಂದು, ಜಗಳ ಬೇಡವೆಂದು ಎರಡೂ ಕಡೆಗೆ ಅಂಗೈ ತೋರಿಸಿದರು. “ನೋಡಿ, ಮೇಡಂ ಪಾಸ್ ಅಂದಿದಾರೆ. ಅವರು ಏರಿ ಗೆದ್ದಿದ್ರೆ ತಕರಾರು. ಈಗ ಯಾರಿಗೂ ಅನ್ಯಾಯ ಆಗಿಲ್ಲ. ಇಲ್ಲಿಗೇ ಬಿಟ್ಬಿಡಿ.” ಎಲ್ಲರೂ ಹೌದು ಹೌದು ಎಂದರು. ಬಿಟ್ಟುಬಿಡಬಹುದಿತ್ತು. ಬಾಗಿಲು ತೆರೆದೇ ಇತ್ತು, ತಲೆ ತಗ್ಗಿಸಿ ಹೊರಗೆ ಹೋದರಾಯಿತು. ಆದರೆ ಒಮ್ಮೆ ಬಾಯಿಂದ ಹೊರಟದ್ದರ ರುಚಿ ಅವಳಿಗೆ ಹತ್ತಿಬಿಟ್ಟಿತ್ತು.

“ಇವತ್ತು ಆಗಿಲ್ಲ. ಹೋದ ವರ್ಷ ಆಗಿದೆ,” ಎಂದಳು. “ಆ ಐದು ಡೈಮಂಡು. ಅಣ್ಣ ಒಂದು ನಿಮಿಷ ಯೋಚಿಸಿ ಪಾಸ್ ಅಂದ, ಅದಕ್ಕೇ ನಾನು ಏರಿದೆ. ಆ ಕಪ್ಪು ನಮ್ಮದಲ್ಲ. ಬರ್ಕೊಳ್ಳಿ.”

ಕಾರ್ಯದರ್ಶಿಗಳು ಪೆನ್ಸಿಲ್ಲನ್ನು ಕಿವಿಯಿಂದ ತೆಗೆದರು. ಬರೆಯಲು ಹಾಳೆ ಕಾಣದೆ ಮತ್ತೆ ಕಿವಿಗೇ ಸಿಕ್ಕಿಸಿಕೊಂಡರು.

ಕಾರಿನಲ್ಲಿ ನಾಲ್ಕನೆಯ ತಿರುವಿಗೆ ಗೇರು ಬದಲಿಸುತ್ತ, ಅಣ್ಣ ಕೋರ್ಟಿನ ದನಿಯಲ್ಲದ, ಮನೆಯ ದನಿಯಲ್ಲಿ ಹೇಳಿದ: “ನಾನು ಬೇಕು ಅಂತ ಮಾಡ್ತೀನಿ ಅಂತಿದೀಯಾ? ಯೋಚನೆ ಬರತ್ತೆ, ಯೋಚಿಸ್ತೀನಿ. ನಿನ್ನನ್ನ ನಾನೇ ಎತ್ತಿ ಕೂರಿಸಿದ್ದು ಆ ಚಾಪೆ ಮೇಲೆ. ನೀನು ನನ್ನನ್ನ ಅಷ್ಟು ಜನರೆದುರು ಕಳ್ಳ ಅಂದೆ.” ಅವನು ನಿಜ ಹೇಳುತ್ತಿದ್ದಾನೆ ಎಂದು ಅವಳಿಗೆ ಅನ್ನಿಸಿತು. ತಾನು ಏನು ಮಾಡುತ್ತಿದ್ದೇನೆಂದು ಅವನಿಗೆ ಗೊತ್ತೇ ಇಲ್ಲ. ಭಯವಾದಾಗ ಕನ್ನಡಕ ತೆಗೆಯುತ್ತಾನೆ, ಯಾರಾದರೂ ಮುಂದೆ ಬಂದು ಹೇಳುತ್ತಾರೆ, ಅವನ ಭಯ ಹೋಗುತ್ತದೆ. ಇಷ್ಟೇ. ಈ ಯೋಚನೆಯಿಂದ ಅವಳಿಗೆ ಕರುಣೆ ಬರಬೇಕಿತ್ತು. ಬಂತು ಕೂಡ, ಆದರೆ ಅದರ ಹಿಂದೆಯೇ ಇನ್ನೊಂದು ಬಂತು.

“ಅಮ್ಮಂಗೆ ಆಪರೇಷನ್ ಬೇಡ ಅಂದಿದ್ದು ಯಾರು, ಅಣ್ಣ?”

“ಅದನ್ನ ಇದಕ್ಕೆ ತರಬೇಡ.”

“ಯಾರು?”

“ನೀನೇ ಅಲ್ವೇನೇ ಅಂದಿದ್ದು!”

“ಹೌದು, ನಾನೇ. ನಿಂಗೇನು ಅನ್ನಿಸಿತ್ತು? ಒಂದು ಸಲ ಹೇಳು. ಬೇಕು ಅಂತಿತ್ತಾ, ಬೇಡ ಅಂತಿತ್ತಾ?”

ಅವನು ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದ. ಬೀಗ ಹಾಕಿದ ಪಾದರಕ್ಷೆ ಅಂಗಡಿಯೊಂದರ ಮುಂದೆ. ಅವನ ಬಲಗೈ ನಿಧಾನವಾಗಿ ಮೇಲೆದ್ದು ಕನ್ನಡಕದ ಕಡ್ಡಿಯನ್ನು ಹಿಡಿಯಿತು. ಅದನ್ನು ತೆಗೆಯುವುದರೊಳಗೆ ಅವಳು ಬಾಗಿಲು ತೆರೆದು ಇಳಿದಿದ್ದಳು. “ಪುಟ್ಟಿ, ಹುಚ್ಚುಚ್ಚಾಗಿ ಆಡಬೇಡ, ಹತ್ತು,” ಎಂದು ಕೂಗಿದ. ಅವಳು ನಡೆದಳು. ಹೊಸ ಚಪ್ಪಲಿ ಹಿಮ್ಮಡಿ ಕಚ್ಚುತ್ತಿತ್ತು. ಮನೆ ಇನ್ನೂ ಎರಡು ಮೈಲಿ. ಕಾರು ಸ್ವಲ್ಪ ದೂರ ಹಿಂದೆಯೇ ಉರುಳಿ ಬಂತು. ಜನ ನೋಡುತ್ತಿದ್ದರು, ಗಂಡನೊಂದಿಗೆ ಜಗಳವಾಡಿಕೊಂಡ ಹೆಂಗಸೆಂದುಕೊಂಡಿರಬೇಕು. ಅವಳಿಗೆ ಗಂಡನಿರಲಿಲ್ಲ. ಇಪ್ಪತ್ತಾರನೆಯ ವಯಸ್ಸಿನಲ್ಲಿ ಒಬ್ಬ ನೋಡಲು ಬಂದಿದ್ದ, ಅವನು ಹೋದ ಮೇಲೆ ಅಣ್ಣ ಬಹಳ ಹೊತ್ತು ಯೋಚಿಸಿದ್ದ, ಅವಳು ಬೇಡ ಅಂದಿದ್ದಳು. ಇದು ಈಗ ನೆನಪಾಗಿ ಅವಳು ನಡುರಸ್ತೆಯಲ್ಲಿ ಒಬ್ಬಳೇ ಗಟ್ಟಿಯಾಗಿ ನಕ್ಕಳು. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಕಾರು ನುಗ್ಗಲಾರದ ಓಣಿಯೊಂದಕ್ಕೆ ತಿರುಗಿಕೊಂಡಳು.

ಗುರುವಾರ ಮಧ್ಯಾಹ್ನ ಅತ್ತಿಗೆ ಆಸ್ಪತ್ರೆಗೇ ಬಂದರು. ಎಕ್ಸ್‌ರೇ ಕೋಣೆಯ ಹೊರಗಿನ ಬೆಂಚಿನಲ್ಲಿ, ಕೈ ಮುರಿದವರ ಕಾಲು ಮುರಿದವರ ಸಾಲಿನಲ್ಲಿ, ಕೈಚೀಲ ಮಡಿಲಲ್ಲಿಟ್ಟುಕೊಂಡು ಸರದಿಗೆ ಬಂದವರಂತೆ ಕೂತಿದ್ದರು. ಅವಳು ಸೀಸದ ಏಪ್ರನ್ ಬಿಚ್ಚದೆಯೇ ಹೊರಗೆ ಬಂದಳು.

“ಊಟ ಬಿಟ್ಟಿಲ್ಲ, ಮಾತು ಬಿಟ್ಟಿದಾರೆ ನಿಮ್ಮಣ್ಣ,” ಎಂದರು ಅತ್ತಿಗೆ. “ನನ್ನನ್ನ ಕಳಿಸಿದಾರೆ. ಅಂದ್ರೆ, ಹೋಗು ಅನ್ಲಿಲ್ಲ. ಬೆಳಿಗ್ಗೆಯಿಂದ ಚಪ್ಪಲಿ ಕಡೆ ನೋಡ್ತಿದ್ರು, ನನ್ನ ಕಡೆ ನೋಡ್ತಿದ್ರು. ನಾನೇ, ಹೋಗ್ಬರ್ಲಾ ಅಂದೆ.”

“ಏನು ಹೇಳಬೇಕಂತೆ ನಾನು?”

“ಸಿಟ್ಟಲ್ಲಿ ಅಂದುಬಿಟ್ಟೆ, ಹೋದ ವರ್ಷದ್ದು ಸರಿಯಾಗಿ ನೆನಪಿಲ್ಲ ಅಂತ ಕಾರ್ಯದರ್ಶಿಗೆ ಒಂದು ಚೀಟಿ ಕೊಡಬೇಕಂತೆ. ಅದನ್ನೂ ಅವರು ಬಾಯಿಬಿಟ್ಟು ಹೇಳಿಲ್ಲಮ್ಮ. ನಾನೇ ಊಹಿಸ್ಕೊಂಡಿದ್ದು.” ಹೇಳಿ ಮುಗಿಸಿದ ಅತ್ತಿಗೆಯ ಮುಖದಲ್ಲಿ ಏನೋ ಹೊಳೆದಂತಾಯಿತು. ತಾವಾಡಿದ ಮಾತು ತಮಗೇ ಕೇಳಿಸಿದವರಂತೆ ಕೈಚೀಲದ ಹಿಡಿಯನ್ನು ಒಮ್ಮೆ ತಿರುಚಿದರು. “ಮೂವತ್ತೈದು ವರ್ಷ,” ಎಂದರು ಆಮೇಲೆ, ಯಾರಿಗೋ ಎಂಬಂತೆ. “ಮನೆ ಯಾವುದು ತಗೊಳ್ಳೋದು, ಮಗಳನ್ನ ಎಲ್ಲಿಗೆ ಕೊಡೋದು, ಎಲ್ಲಾ ನಾನೇ ಹೇಳಿದೀನಿ. ಎಲ್ಲರೂ ನನ್ನನ್ನ ಜೋರಿನವಳು ಅಂತಾರೆ.”

ಇಬ್ಬರೂ ನಕ್ಕರು. ಪಕ್ಕದಲ್ಲಿ ಕೈಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ ಮುದುಕ ಗುರಾಯಿಸಿ ನೋಡಿದ. ಅತ್ತಿಗೆ ಎದ್ದು ನಿಂತು ಸೆರಗು ಸರಿಮಾಡಿಕೊಂಡರು. “ಚೀಟಿ ಕೊಡಲ್ಲ ಅಲ್ವಾ ನೀನು?”

“ಕೊಡಲ್ಲ, ಅತ್ತಿಗೆ.”

“ಕೊಡಬೇಡ,” ಎಂದು ಹೇಳಿ, ಉದ್ದನೆಯ ಕಾರಿಡಾರಿನಲ್ಲಿ ತಿರುಗಿ ನೋಡದೆ ಹೋದರು.

ಭಾನುವಾರ ಸಂಘಕ್ಕೆ ಹೋಗಬಾರದೆಂದು ಎರಡು ಸಲ, ಹೋಗಬೇಕೆಂದು ಮೂರು ಸಲ ಅಂದುಕೊಂಡು ಕೊನೆಗೆ ಹೋದಳು. ಹಾಲಿನೊಳಗೆ ಕಾಲಿಟ್ಟಾಗ ಯಾರೋ ಮೆಲ್ಲಗೆ, “ಬಂದ್ರಪ್ಪ ಹರಿಶ್ಚಂದ್ರ,” ಎಂದರು. ಟೀಚರು ಎದ್ದು ಬಂದು ಅವಳ ಮೊಣಕೈಯನ್ನು ಒಮ್ಮೆ ಅದುಮಿ, ತಮ್ಮ ಜಾಗಕ್ಕೆ ಮರಳಿದರು. ಕಾರ್ಯದರ್ಶಿಗಳು, “ಆ ಕಪ್ಪಿನ ವಿಷಯಕ್ಕೆ ಕಮಿಟಿ ಇನ್ನೂ ಕೂತಿಲ್ಲ ಮೇಡಂ. ಜೋಡಿ ಇಲ್ದೆ ಹ್ಯಾಗೆ ಆಡ್ತೀರಿ ಇವತ್ತು?” ಎಂದರು. ಕಳೆದ ವರ್ಷ ಕೈ ಕುಲುಕಿದವರು ಎಲೆ ಕಲೆಸುವುದರಲ್ಲಿ ಮುಳುಗಿದ್ದರು. ಗೋಡೆಗೊರಗಿ ಅಣ್ಣ ನಿಂತಿದ್ದ. ಅವನಿಗೂ ಜೋಡಿಯಿರಲಿಲ್ಲ. ಅವನು ಅವಳನ್ನು ನೋಡಿದ, ಬಾ ಎನ್ನಲಿಲ್ಲ, ಬೇಡ ಎನ್ನಲಿಲ್ಲ, ನೋಡುತ್ತಲೇ ಇದ್ದ. ಈ ಸಲ ಅವಳು ಏನನ್ನೂ ಓದಿಕೊಳ್ಳದೆ ಕಣ್ಣು ಬೇರೆ ಕಡೆ ಹೊರಳಿಸಿದಳು. ಆಗ ಮೂಲೆಯಿಂದ ಕಂಡಕ್ಟರು ಕೈಯೆತ್ತಿದರು. ಬಸ್ಸಿನಲ್ಲಿ ಮೂವತ್ತು ವರ್ಷ ಟಿಕೆಟ್ ಹರಿದು ಬಂದ ಮನುಷ್ಯ, ಸಂಘದಲ್ಲೇ ಅತಿ ಕೆಟ್ಟ ಆಟಗಾರ, ಕೈಗೆ ಬಂದ ಚೀಟಿಯನ್ನು ಯೋಚಿಸದೆ ಟಿಕೆಟ್ ಕೊಟ್ಟ ಹಾಗೆ ಇಡುವವರು. “ನನ್ನ ಜೊತೆ ಆಡ್ತೀರೇನಮ್ಮ? ನಾನೂ ಒಬ್ಬನೇ. ನಮ್ಮ ಸ್ನೇಹಿತರಿಗೆ ಜ್ವರ.” ಅವಳು ಕೂತಳು.

ಮೊದಲೆರಡು ಆಟ ಹೇಗೋ ಕಳೆದವು. ಮೂರನೆಯದಕ್ಕೆ ಎಲೆ ಎತ್ತಿಕೊಂಡಾಗ ಅವಳು ಅವನ್ನು ಎರಡು ಸಲ ಎಣಿಸಿದಳು. ಆರು ಸ್ಪೇಡ್, ಏಸು ರಾಜ ರಾಣಿ ಸಮೇತ, ಹೊರಗೆ ಇನ್ನೊಂದು ಏಸು, ಇನ್ನೊಂದು ರಾಜ. ಇಂಥದ್ದು ತಿಂಗಳಿಗೊಂದು ಸಲ ಬರುತ್ತದೆ. ಒಂದು ಸ್ಪೇಡ್ ಇಟ್ಟಳು. ಕಂಡಕ್ಟರು ಕಣ್ಣು ಮಿಟುಕಿಸುವಷ್ಟರಲ್ಲಿ ಮೂರು ಸ್ಪೇಡ್ ಇಟ್ಟರು. ಅದು ನಿಜವಾದ ಮೂರೋ, ಟಿಕೆಟ್ ಹರಿದ ಮೂರೋ ಯಾರಿಗೂ ಹೇಳಲಾಗದು. ತಲೆಯೆತ್ತಿದರೆ, ಯಾವಾಗ ಬಂದನೋ, ಕಂಡಕ್ಟರ ಬೆನ್ನ ಹಿಂದೆ ಅಣ್ಣ ನಿಂತಿದ್ದ. ಬಗ್ಗಿ ಅವರ ಎಲೆಗಳನ್ನು ನೋಡುತ್ತಿದ್ದ. ಅವನ ಕೈ ಕನ್ನಡಕದತ್ತ ಏಳುತ್ತಿತ್ತು. ಅದು ಅಲ್ಲಿಗೆ ಮುಟ್ಟಿದರೆ ಎದುರಿಗಿನ ಹದಿಮೂರೂ ಎಲೆ ಅವಳಿಗೆ ಗೊತ್ತಾಗಿಬಿಡುತ್ತಿದ್ದವು.

“ಅಣ್ಣ,” ಎಂದಳು, ಇಡೀ ಹಾಲಿಗೆ ಕೇಳುವಂತೆ. “ಅಲ್ಲಿ ನಿಲ್ಲಬೇಡ. ಬಂದು ನನ್ನ ಹಿಂದೆ ನಿಲ್ಲು.”

ಕೈ ಅಲ್ಲೇ ನಿಂತಿತು. ಅವನು ಹೊರಟುಹೋಗುತ್ತಾನೆಂದೇ ಎಲ್ಲರೂ ಅಂದುಕೊಂಡರು, ಅವಳೂ ಅಂದುಕೊಂಡಳು. ಅವನು ಮೇಜನ್ನು ಸುತ್ತಿ, ಎದುರಾಳಿಯ ಕುರ್ಚಿಗೆ ತಾಗಿ, ಕ್ಷಮಿಸಿ ಎಂದು ಗೊಣಗಿ, ಬಂದು ಅವಳ ಬೆನ್ನ ಹಿಂದೆ ನಿಂತ. ಈಗ ಎದುರಿಗೆ ಕಂಡಕ್ಟರ ಸಪಾಟಾದ ಮುಖ, ಅದರ ಹಿಂದೆ ಸುಣ್ಣ ಬಳಿದ ಗೋಡೆ. ಗೋಡೆಯಲ್ಲಿ ಏನೂ ಬರೆದಿರಲಿಲ್ಲ. ಅವಳು ತನ್ನ ಎಲೆಗಳನ್ನು ಒಮ್ಮೆ ನೋಡಿದಳು. ಒಳಗೆಲ್ಲೋ ತೀರ ಸಣ್ಣದಾಗಿ, ಇದೆ ಎಂದಿತು. ಅದು ಯಾರ ದನಿಯಂತೆಯೂ ಇರಲಿಲ್ಲ. ಡಬ್ಬಿಯಿಂದ ಆರು ಸ್ಪೇಡ್ ಎಳೆದು ಇಟ್ಟಳು. ಬೆನ್ನ ಹಿಂದೆ ಉಸಿರು ನಿಂತಿತು.

ಕಂಡಕ್ಟರು ನಿಯಮದಂತೆ ತಮ್ಮ ಎಲೆಗಳನ್ನು ಮೇಜಿನ ಮೇಲೆ ಹರಡಿದಾಗ ಅಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಹನ್ನೆರಡು ಟ್ರಿಕ್ ಬೇಕಿತ್ತು. ಅವಳು ಮೈಯೆಲ್ಲ ಕಣ್ಣಾಗಿ ಆಡಿದರೂ ಬಂದದ್ದು ಹತ್ತು. ಎರಡು ಕಡಿಮೆ. ಎದುರಾಳಿಗಳು ಒಬ್ಬರನ್ನೊಬ್ಬರು ನೋಡಿ ಮುಗುಳ್ನಕ್ಕರು.

“ಆರು ಯಾಕಮ್ಮ?” ಎಂದು ಕೇಳಿದರು ಕಂಡಕ್ಟರು, ಬೈಗುಳವಿಲ್ಲದೆ, ಬರೀ ಕುತೂಹಲದಿಂದ.

“ಇದೆ ಅನ್ನಿಸ್ತು. ಇರ್ಲಿಲ್ಲ.”

“ನಾಕಕ್ಕೆ ನಿಲ್ಲಿಸಬೇಕಿತ್ತು,” ಎಂದ ಅಣ್ಣ ಹಿಂದಿನಿಂದ. ತಡವಿಲ್ಲದೆ, ನೇರವಾಗಿ ಬಂದ ಮಾತು.

“ನಿಲ್ಲಿಸಬೇಕಿತ್ತು,” ಎಂದಳು ತಿರುಗದೆ. “ನಂದೇ ತಪ್ಪು.” ಆ ಎರಡು ಪದಗಳನ್ನು ಅವಳು ಹಿಂದೆ ಎಷ್ಟೋ ಸಾವಿರ ಸಲ ಹೇಳಿದ್ದಳು. ಈ ಸಲ ಪಕ್ಕದ ಮೇಜಿನವರು ತಿರುಗಿ ನೋಡುವಷ್ಟು ಗಟ್ಟಿಯಾಗಿ, ತನ್ನ ಹೆಸರಿನ ಸೈಟಿನ ಹಕ್ಕುಪತ್ರ ಓದುವವಳಂತೆ ಹೇಳಿ, ಮುಂದಿನ ಆಟದ ಎಲೆಗಳಿಗೆ ಕೈ ಚಾಚಿದಳು.